ಥಂಡರ್‌ಬರ್ಡ್ ನಿಧಾನವಾಗಿದೆಯೇ? ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ

ಕಳೆದ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಬಾವನ ಫೋನ್ ಬಂತು. "ಬಾವ, ಈ ಲ್ಯಾಪ್‌ಟಾಪ್ ಇನ್ನು ಆಗ್ಲಿಕ್ಕಿಲ್ಲ. ಮೈಲ್ ಬರೆಯುವಾಗ ಒತ್ತಿದ ಅಕ್ಷರ ಪರದೆಯಲ್ಲಿ ಬರುವುದೇ ಇಲ್ಲ. ಮಂಗಳೂರಿಗೆ ಹೋಗಿ ಹೊಸದೊಂದು ತರುವ ಅಂತ."

"ಎರಡು ದಿನ ನಿಲ್ಲಿ ಬಾವ, ನಾನು ಬರ್ತೇನೆ" ಅಂದೆ.

ಬಾವನದು ಅಡಿಕೆ ತೋಟ. ಊರಿನ ಯಕ್ಷಗಾನ ಸಂಘದ ಕಾಗದಪತ್ರವೂ ಅವರ ಕೈಯಲ್ಲೇ. ಹನ್ನೆರಡು ವರ್ಷದ ಮೈಲ್ ಎಲ್ಲ ಥಂಡರ್‌ಬರ್ಡ್ ಎಂಬ ಮೈಲ್ ತಂತ್ರಾಂಶದ ಒಂದೇ ಇನ್‌ಬಾಕ್ಸಿನಲ್ಲಿ ಬಿದ್ದಿತ್ತು. ತಿರುವನಂತಪುರದಿಂದ ಬಂದ ಮಲಯಾಳದ ಆದೇಶಗಳು, ಕೇರಳ ಸರಕಾರದ ಸೇವಾಕೇಂದ್ರವಾದ ಅಕ್ಷಯದಲ್ಲಿ ಸ್ಕ್ಯಾನ್ ಮಾಡಿಸಿದ ಭೂತೆರಿಗೆ ರಶೀದಿಗಳು, ಯಕ್ಷಗಾನ ಆಟದ ಫೋಟೋಗಳು, ಜಾಹೀರಾತುಗಳು, ಎಲ್ಲ ಒಟ್ಟಿಗೆ. ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಒಂದು ಮಧ್ಯಾಹ್ನದಲ್ಲಿ ಸರಿಯಾಯಿತು.

ಆಮೇಲೆ ಇದೇ ಕೆಲಸವನ್ನು ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ನಾಲ್ಕೈದು ಮನೆಗಳಲ್ಲಿ ಮಾಡಿದ್ದೇನೆ. ಬೇನೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. "ಬ್ರೌಸರಿನಲ್ಲೇ ಮೈಲ್ ನೋಡಿದರೆ ಆಗದೇ?" ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಜೋರು ಮಳೆಗೆ ನೆಟ್ ಹೋದಾಗಲೂ ಹಳೆಯ ಕಾಗದ ಕೈಗೆ ಸಿಗಬೇಕಾದರೆ ಮೈಲ್ ನಮ್ಮ ಕಂಪ್ಯೂಟರಿನಲ್ಲೇ ಇರಬೇಕು. ನಮ್ಮ ಕಡೆ ಇದು ಸಣ್ಣ ಸಂಗತಿ ಅಲ್ಲ.

ನಾನು ಹೇಳುವುದು ವಿಂಡೋಸ್‌ನಲ್ಲಿ ಥಂಡರ್‌ಬರ್ಡ್ ಬಳಸುವವರಿಗೆ. ಶಾಲೆಯ ಟೀಚರುಗಳು, ಮಾಷ್ಟ್ರುಗಳು ವಿಂಡೋಸ್ ಬದಲು ಲಿನಕ್ಸ್ ಬಳಸುತ್ತಾರಲ್ವಾ, ಅಲ್ಲಿಯೂ ಥಂಡರ್‌ಬರ್ಡ್ ಒಳಗಿನ ಮೆನು ಬಹುಮಟ್ಟಿಗೆ ಇದೇ. ಮೆನು ಪಟ್ಟಿ ಕಾಣದಿದ್ದರೆ ಕೀಬೋರ್ಡಿನ ಆಲ್ಟ್ ಒತ್ತಿ. ಫೈಲ್, ಎಡಿಟ್, ವ್ಯೂ ಎಲ್ಲ ಮೇಲೆ ಬರುತ್ತವೆ.

ಮೊದಲು ನೋಡಿ, ಆಮೇಲೆ ಮುಟ್ಟಿ

ಯಾವಾಗ ನಿಧಾನವಾಗುತ್ತದೆ ಎಂದು ಒಂದು ದಿನ ಗಮನಿಸಿ. ತೆರೆಯುವಾಗ ಮಾತ್ರವೇ? ಒಂದು ಫೋಲ್ಡರ್ ಒತ್ತಿದಾಗಲೇ? ಬರೆಯುವಾಗಲೇ? ಅಥವಾ ಇಡೀ ದಿನವೇ? ಒಂದೊಂದಕ್ಕೂ ಕಾರಣ ಬೇರೆ. ಇದು ಗೊತ್ತಾದರೆ ಅರ್ಧ ಕೆಲಸ ಉಳಿಯುತ್ತದೆ.

ನಿಧಾನವಾದ ಹೊತ್ತಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಲಿನಕ್ಸಿನವರಿಗೆ ಸಿಸ್ಟಮ್ ಮಾನಿಟರ್. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಾಲಂಗಳಿವೆ. ಮೆಮೊರಿ ಸುಮಾರಾಗಿದ್ದು ಡಿಸ್ಕ್ ಮಾತ್ರ 100ಕ್ಕೆ ಮುಟ್ಟಿದ್ದರೆ ಯಾವುದೋ ದೊಡ್ಡ ಫೈಲನ್ನು ಓದುತ್ತಾ ಇದೆ ಎಂದು ಅರ್ಥ. ಥಂಡರ್‌ಬರ್ಡಿನ ಸಿಪಿಯು ಏರಿದ್ದರೆ ಅದು ಮೈಲುಗಳ ಸೂಚಿ (ಹುಡುಕಲಿಕ್ಕೆ ಬೇಕಾದ ಪಟ್ಟಿ) ಕಟ್ಟುತ್ತಿರಬಹುದು. ಮೆಮೊರಿಯೇ ತುಂಬಿ ತುಳುಕುತ್ತಿದ್ದರೆ ಕಂಪ್ಯೂಟರ್ ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸಲು ಶುರು ಮಾಡುತ್ತದೆ. ಆಗ ಥಂಡರ್‌ಬರ್ಡ್ ಮಾತ್ರ ಅಲ್ಲ, ಎಲ್ಲವೂ ಎಳೆಯುತ್ತದೆ.

ಒಂದು ಮಾತು. ತೆರೆದ ಮೊದಲ ಕೆಲವು ನಿಮಿಷ ಮೆಮೊರಿ ಏರುವುದು ಸಹಜ. ಹೊಸ ಮೈಲ್ ಇಳಿಸಬೇಕು, ಸೂಚಿ ಕಟ್ಟಬೇಕು. ಹತ್ತು ನಿಮಿಷ ಬಿಟ್ಟು ನೋಡಿ. ಆಮೇಲೂ ಏರುತ್ತಲೇ ಇದ್ದರೆ ಮುಂದಕ್ಕೆ ಹೋಗುವ.

ಬ್ಯಾಕಪ್ ಇಲ್ಲದೆ ಏನೂ ಮಾಡಬೇಡಿ

ಇದನ್ನು ದಾಟಿ ಮುಂದೆ ಓದಬೇಡಿ, ದಯವಿಟ್ಟು. ಕೆಲವರ ಖಾತೆ ಪಿಒಪಿ ಬಗೆಯದು. ಅಂಥ ಖಾತೆಯಲ್ಲಿ ಮೈಲ್ ಸರ್ವರಿನಿಂದ, ಅಂದರೆ ಮೈಲ್ ಕೊಡುವ ಕಂಪೆನಿಯ ಕಂಪ್ಯೂಟರಿನಿಂದ, ಇಳಿದು ಬಂದ ಮೇಲೆ ಅಲ್ಲಿ ಪ್ರತಿ ಉಳಿಯದೆಯೂ ಇರಬಹುದು. ಇರುವ ಒಂದೇ ಪ್ರತಿ ನಿಮ್ಮ ಮೇಜಿನ ಮೇಲಿದೆ. ಅದು ಹೋದರೆ ಹೋಯಿತು.

ಹೆಲ್ಪ್ ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಒತ್ತಿ. ಪುಟದಲ್ಲಿ 'ಪ್ರೊಫೈಲ್ ಫೋಲ್ಡರ್' ಎಂಬ ಸಾಲು ಇದೆ, ಅದರ ಪಕ್ಕ 'ಓಪನ್ ಫೋಲ್ಡರ್' ಗುಂಡಿ. ಒತ್ತಿದರೆ ನಿಮ್ಮ ಮೈಲ್ ಇರುವ ಜಾಗ ತೆರೆಯುತ್ತದೆ. ಈಗ ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ. ಮುಚ್ಚಿದ ಮೇಲೆ ಆ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ.

ಪೆನ್‌ಡ್ರೈವಿಗೆ ಹಾಕುವವರು ಇದನ್ನು ಗಮನಿಸಬೇಕು. ಹಲವು ಪೆನ್‌ಡ್ರೈವ್‌ಗಳು ಫ್ಯಾಟ್32 ಎಂಬ ಕ್ರಮದಲ್ಲಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ. ಡ್ರೈವ್ 64 ಜಿಬಿಯದ್ದಾದರೂ ಇಷ್ಟೇ. ಬಾವನ ಇನ್‌ಬಾಕ್ಸ್ ಒಂದೇ 9 ಜಿಬಿ ಇತ್ತು. ನಕಲು ಅರ್ಧಕ್ಕೆ ನಿಂತಿತು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಕ್ರಮದ ಡ್ರೈವ್ ಆದರೆ ಈ ತೊಂದರೆ ಇಲ್ಲ. ನಕಲಾದ ಮೇಲೆ ಎರಡೂ ಕಡೆಯ ಗಾತ್ರ ಒಂದೇ ಇದೆಯೇ ಎಂದು ನೋಡಿಕೊಳ್ಳಿ.

ಆಡ್‌ಆನ್ ತಪ್ಪೋ, ಮೈಲಿನ ತಪ್ಪೋ?

ಹೆಲ್ಪ್ ಮೆನುವಿನಲ್ಲೇ 'ಟ್ರಬಲ್‌ಶೂಟ್ ಮೋಡ್' ಎಂಬುದಿದೆ. ಶಿಫ್ಟ್ ಒತ್ತಿ ಹಿಡಿದುಕೊಂಡು ಥಂಡರ್‌ಬರ್ಡ್ ತೆರೆದರೂ ಅದೇ ಬರುತ್ತದೆ. ಇದರಲ್ಲಿ ಆಡ್‌ಆನ್‌ಗಳೆಲ್ಲ, ಅಂದರೆ ಥಂಡರ್‌ಬರ್ಡಿಗೆ ನಾವು ಮೇಲಿನಿಂದ ಸೇರಿಸಿದ ಸಣ್ಣ ಪ್ರೋಗ್ರಾಮುಗಳೆಲ್ಲ, ತಾತ್ಕಾಲಿಕವಾಗಿ ಸುಮ್ನೆ ಇರುತ್ತವೆ. ಏನೂ ಅಳಿಯುವುದಿಲ್ಲ. ಆದರೆ ಶುರುವಿನ ಕಿಟಕಿಯಲ್ಲಿ ಕೆಲವು ಚೌಕಗಳು ಕಾಣುತ್ತವೆ. ಅವನ್ನು ಗುರುತು ಮಾಡಬೇಡಿ, ಹಾಗೇ ಮುಂದುವರಿಯಿರಿ.

ಈ ಸ್ಥಿತಿಯಲ್ಲಿ ಅರ್ಧ ಗಂಟೆ ಕೆಲಸ ಮಾಡಿ. ಚುರುಕಾದರೆ ಹೆಚ್ಚಾಗಿ ತಪ್ಪು ಆಡ್‌ಆನಿನದೇ. ಟೂಲ್ಸ್ ಮೆನುವಿನ 'ಆಡ್‌ಆನ್ಸ್ ಆಂಡ್ ಥೀಮ್ಸ್'ಗೆ ಹೋಗಿ ಒಂದೊಂದನ್ನೇ ಆಫ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಇಲ್ಲಿಯೂ ನಿಧಾನವೇ ಇದ್ದರೆ ಆಡ್‌ಆನಿನ ಚಿಂತೆ ಬಿಟ್ಟು ಮೈಲಿನ ರಾಶಿಯ ಕಡೆ ತಿರುಗಿ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಆದದ್ದು ಇದೇ.

ಅಳಿಸಿದ ಮೈಲ್ ಅಳಿದಿರುವುದಿಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇದು ಗೊತ್ತಿಲ್ಲದೆಯೇ ಜನ ಹೊಸ ಕಂಪ್ಯೂಟರ್ ತರುತ್ತಾರೆ.

ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಮೈಲನ್ನೂ ಒಂದೇ ಉದ್ದದ ಫೈಲಿನಲ್ಲಿ ಇಡುತ್ತದೆ. ಈ ಕ್ರಮಕ್ಕೆ ಎಂಬಾಕ್ಸ್ ಎಂದು ಹೆಸರು. ಇನ್‌ಬಾಕ್ಸ್ ಅಂದರೆ ಒಂದು ಫೈಲ್, ಸೆಂಟ್ ಅಂದರೆ ಇನ್ನೊಂದು. ಹಳೆಯ ಲೆಕ್ಕದ ಪುಸ್ತಕದ ಹಾಗೆ ಹೊಸದನ್ನು ಕೊನೆಗೆ ಸೇರಿಸುತ್ತಾ ಹೋಗುವುದು. ನೀವು ಒಂದು ಮೈಲ್ ಅಳಿಸಿದರೆ ಪುಸ್ತಕದಿಂದ ಆ ಹಾಳೆ ಹರಿದು ಹೋಗುವುದಿಲ್ಲ. 'ಇದನ್ನು ತೋರಿಸಬೇಡ' ಎಂದು ಒಂದು ಗುರುತು ಬೀಳುತ್ತದೆ, ಅಷ್ಟೇ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದರೂ ಹಳೆಯ ಜಾಗದಲ್ಲಿ ಪ್ರತಿ ಹಾಗೇ ಕೂತಿರುತ್ತದೆ. ಸಾವಿರ ಜಾಹೀರಾತು ಅಳಿಸಿಯೂ ಫೈಲ್ ಒಂದಿಷ್ಟೂ ಸಣ್ಣದಾಗದ ಗುಟ್ಟು ಇದು.

ಅಟ್ಯಾಚ್‌ಮೆಂಟಿನ ಲೆಕ್ಕವೂ ಉಂಟು. ಮೈಲಿನಲ್ಲಿ ಬರುವ ಫೋಟೋ, ಪಿಡಿಎಫ್‌ಗಳು ಅಕ್ಷರಗಳ ರೂಪಕ್ಕೆ ತಿರುಗಿ ಬರುತ್ತವೆ. ಆಗ ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. 9 ಎಂಬಿಯ ಸ್ಕ್ಯಾನ್ ಕಾಪಿ ಇನ್‌ಬಾಕ್ಸಿನಲ್ಲಿ 12 ಎಂಬಿ ಹಿಡಿಯುತ್ತದೆ.

ಆ ಗುರುತು ಬಿದ್ದ ಹಾಳೆಗಳನ್ನೆಲ್ಲ ನಿಜವಾಗಿ ತೆಗೆಯುವ ಕೆಲಸಕ್ಕೆ 'ಕಾಂಪ್ಯಾಕ್ಟ್' ಎನ್ನುತ್ತಾರೆ. ಮೊದಲು ಟ್ರ್ಯಾಶ್ ಮತ್ತು ಜಂಕ್ ಫೋಲ್ಡರನ್ನು ಖಾಲಿ ಮಾಡಿ. ಆಮೇಲೆ ಇನ್‌ಬಾಕ್ಸಿನ ಮೇಲೆ ಬಲ ಗುಂಡಿ ಒತ್ತಿ 'ಕಾಂಪ್ಯಾಕ್ಟ್' ಆರಿಸಿ. ಒಂದು ಫೋಲ್ಡರ್ ಮುಗಿದ ಮೇಲೆ ಇನ್ನೊಂದು. ಎಲ್ಲ ಸರಿಹೋದ ಮೇಲೆ ಫೈಲ್ ಮೆನುವಿನ 'ಕಾಂಪ್ಯಾಕ್ಟ್ ಫೋಲ್ಡರ್ಸ್' ಒತ್ತಬಹುದು.

ಎರಡು ಎಚ್ಚರಿಕೆ. ಕಾಂಪ್ಯಾಕ್ಟ್ ಮಾಡುವಾಗ ಥಂಡರ್‌ಬರ್ಡ್ ಉಳಿಯಬೇಕಾದ ಮೈಲುಗಳನ್ನು ಹೊಸ ಫೈಲಿಗೆ ಬರೆದು ಆಮೇಲೆ ಹಳೆಯದನ್ನು ತೆಗೆಯುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಕನಿಷ್ಠ ಆ ಫೋಲ್ಡರಿನಷ್ಟು ಖಾಲಿ ಜಾಗ ಬೇಕು. ಇನ್ನೊಂದು, ನಡುವೆ ಕರೆಂಟ್ ಹೋಗಬಾರದು. ಅಕ್ಟೋಬರಿನ ಸಂಜೆಯ ಗುಡುಗು ಮಳೆಗೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಿಕ್ಕಾಗದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಕೂರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಇಲ್ಲದಿದ್ದರೆ ಬಿಸಿಲಿರುವ ಬೆಳಿಗ್ಗೆ ಮಾಡಿ.

ಬಾವನ 9 ಜಿಬಿ ಇನ್‌ಬಾಕ್ಸ್ ಕಾಂಪ್ಯಾಕ್ಟ್ ಆದ ಮೇಲೆ 4 ಜಿಬಿಗೆ ಇಳಿಯಿತು. ಐದು ಜಿಬಿ ಬರೀ ಅಳಿಸಿದ ಮೈಲ್! ಮುಂದೆ ಇದು ತನ್ನಷ್ಟಕ್ಕೇ ಆಗಬೇಕಾದರೆ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಕೆಳಗೆ, 'ನೆಟ್‌ವರ್ಕ್ ಆಂಡ್ ಡಿಸ್ಕ್ ಸ್ಪೇಸ್' ಎಂಬಲ್ಲಿ, ಇಷ್ಟು ಎಂಬಿ ಉಳಿಯುವುದಾದರೆ ಕಾಂಪ್ಯಾಕ್ಟ್ ಮಾಡು ಎಂಬ ಚೌಕ ಇದೆ. ಅದನ್ನು ಗುರುತು ಮಾಡಿಡಿ.

ಇನ್‌ಬಾಕ್ಸನ್ನು ವರ್ಷಕ್ಕೊಂದರಂತೆ ಹಂಚಿ

ಕಾಂಪ್ಯಾಕ್ಟ್ ಆದ ಮೇಲೂ 4 ಜಿಬಿಯ ಒಂದೇ ಫೋಲ್ಡರ್ ಅಂದರೆ ಭಾರವೇ. ಫೋಲ್ಡರ್ ಪಟ್ಟಿಯ ಮೇಲಿನ ಮೂರು ಚುಕ್ಕೆಯ ಗುಂಡಿಯಲ್ಲಿ ಗಾತ್ರ ತೋರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಯಾವುದು ದೊಡ್ಡದು ಎಂದು ಕಣ್ಣಿಗೇ ಕಾಣುತ್ತದೆ.

ನನ್ನ ಕ್ರಮ ಹೀಗೆ. ಇನ್‌ಬಾಕ್ಸಿನಲ್ಲಿ ಈ ವರ್ಷದ ಮೈಲ್ ಮಾತ್ರ. ಹಳೆಯದಕ್ಕೆ 2023, 2024 ಎಂದು ವರ್ಷಕ್ಕೊಂದು ಫೋಲ್ಡರ್. ಮೈಲುಗಳನ್ನು ಆರಿಸಿ 'ಎ' ಅಕ್ಷರ ಒತ್ತಿದರೆ ಥಂಡರ್‌ಬರ್ಡ್ ತಾನೇ ಆರ್ಕೈವ್ ಮಾಡುತ್ತದೆ. ವರ್ಷಕ್ಕೊಂದೇ, ತಿಂಗಳಿಗೊಂದೇ ಎಂಬುದನ್ನು ಅಕೌಂಟ್ ಸೆಟ್ಟಿಂಗ್ಸ್‌ನ 'ಕಾಪೀಸ್ ಆಂಡ್ ಫೋಲ್ಡರ್ಸ್' ಭಾಗದಲ್ಲಿ ಆರಿಸಬಹುದು. ಜಿಮೈಲ್ ಖಾತೆಯಾದರೆ 'ಎ' ಬೇಡ. ಅದು ಸಾಮಾನ್ಯವಾಗಿ 'ಆಲ್ ಮೈಲ್' ಫೋಲ್ಡರಿಗೆ ಹೋಗಿ ಸೇರುತ್ತದೆ. ನೀವೇ ವರ್ಷದ ಫೋಲ್ಡರ್ ಮಾಡಿ ಅದಕ್ಕೆ ಸರಿಸಿ.

ಒಂದೇ ಸಲ ಹತ್ತು ಸಾವಿರ ಮೈಲ್ ಸರಿಸಬೇಡಿ. ಐನೂರು, ಸಾವಿರ ಸಾಕು. ಸರಿಸಿದ ಮೇಲೆ ಇನ್‌ಬಾಕ್ಸನ್ನು ಮತ್ತೆ ಕಾಂಪ್ಯಾಕ್ಟ್ ಮಾಡಲು ಮರೆಯಬೇಡಿ, ಯಾಕೆಂದು ಮೇಲೆ ಹೇಳಿದ್ದೇನಲ್ವಾ.

'ಲೋಕಲ್ ಫೋಲ್ಡರ್ಸ್' ಎಂಬ ಜಾಗಕ್ಕೆ ಸರಿಸುವವರು ಒಂದು ಕ್ಷಣ ಯೋಚಿಸಿ. ಅಲ್ಲಿಗೆ ಹೋದ ಮೈಲ್ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಸರ್ವರಿನ ಇನ್‌ಬಾಕ್ಸಿನಿಂದ ಹೋಗುತ್ತದೆ, ಫೋನಿನಲ್ಲಿ ಅದು ಇದ್ದ ಜಾಗದಲ್ಲಿ ಕಾಣುವುದಿಲ್ಲ. ಬ್ಯಾಕಪ್ ಕ್ರಮವಾಗಿ ಮಾಡುವವರಿಗೆ ಮಾತ್ರ ಈ ದಾರಿ.

ಫೋಲ್ಡರ್ ಒತ್ತಿದಾಗ ಮಾತ್ರ ಸಿಕ್ಕಿಬೀಳುವುದಾದರೆ

ಪ್ರತಿ ಫೋಲ್ಡರಿಗೂ ಎಂಎಸ್‌ಎಫ್ ಎಂಬ ಒಂದು ಸಣ್ಣ ಸೂಚಿ ಫೈಲ್ ಇರುತ್ತದೆ. ಪುಸ್ತಕದ ಪರಿವಿಡಿಯ ಹಾಗೆ. ಅದು ಕೆಟ್ಟರೆ ಒಂದು ಫೋಲ್ಡರ್ ಮಾತ್ರ ತೆರೆಯಲು ತಡ ಮಾಡುತ್ತದೆ, ಅಥವಾ ಒಂದು ಮೈಲ್ ಒತ್ತಿದರೆ ಬೇರೆಯದು ತೋರಿಸುತ್ತದೆ. ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ 'ಪ್ರಾಪರ್ಟೀಸ್'ಗೆ ಹೋಗಿ 'ರಿಪೇರ್ ಫೋಲ್ಡರ್' ಒತ್ತಿ. ಮೈಲ್ ಸರ್ವರಿನಲ್ಲೂ ಉಳಿಯುವ ಐಮ್ಯಾಪ್ ಬಗೆಯ ಖಾತೆಯಲ್ಲಿ ಆ ಫೋಲ್ಡರನ್ನು ಸರ್ವರಿನಿಂದ ಮತ್ತೆ ಇಳಿಸಿಕೊಳ್ಳುತ್ತದೆ. ನೆಟ್ ಚೆನ್ನಾಗಿರುವಾಗ ಮಾಡಿ, ನಡುವೆ ಮುಚ್ಚಬೇಡಿ.

ಜಿಮೈಲ್ ಇರುವವರಿಗೆ ಒಂದು ವಿಶೇಷ

ಜಿಮೈಲಿನಲ್ಲಿ ಫೋಲ್ಡರ್ ಎಂಬುದು ನಿಜವಾಗಿ ಇಲ್ಲ, ಲೇಬಲ್ ಮಾತ್ರ. ಒಂದೇ ಮೈಲ್ ಇನ್‌ಬಾಕ್ಸಿನಲ್ಲೂ ಕಾಣುತ್ತದೆ, 'ಆಲ್ ಮೈಲ್'ನಲ್ಲೂ ಕಾಣುತ್ತದೆ, ಸ್ಟಾರ್ ಹಾಕಿದ್ದರೆ ಅಲ್ಲಿಯೂ. ಥಂಡರ್‌ಬರ್ಡಿಗೆ ಇವೆಲ್ಲ ಬೇರೆ ಬೇರೆ ಫೋಲ್ಡರುಗಳು. ಹಾಗಾಗಿ ಒಂದೇ ಮೈಲನ್ನು ಎರಡು ಮೂರು ಸಲ ಇಳಿಸಿ ಇಡುವುದುಂಟು. ಜಾಗವೂ ಹೋಯಿತು, ನೆಟ್ಟೂ ಹೋಯಿತು.

ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಜಿಮೈಲ್ ಖಾತೆಯ ಕೆಳಗೆ 'ಸಿಂಕ್ರನೈಸೇಶನ್ ಆಂಡ್ ಸ್ಟೋರೇಜ್' ಇದೆ. ಅಲ್ಲಿನ 'ಅಡ್ವಾನ್ಸ್ಡ್' ಗುಂಡಿ ಒತ್ತಿದರೆ ಫೋಲ್ಡರುಗಳ ಪಟ್ಟಿ ಬರುತ್ತದೆ. 'ಆಲ್ ಮೈಲ್' ಮುಂದಿನ ಗುರುತು ತೆಗೆಯಿರಿ. ಸ್ಪ್ಯಾಮ್‌ನದ್ದೂ ತೆಗೆಯಿರಿ. ಆಮೇಲೆ 'ಆಲ್ ಮೈಲ್' ಫೋಲ್ಡರಿಗೆ ಒಮ್ಮೆ ರಿಪೇರ್ ಕೊಡಿ. ಮೈಲ್ ಜಿಮೈಲಿನಲ್ಲಿ ಹಾಗೇ ಇರುತ್ತದೆ, ನಿಮ್ಮ ಡಿಸ್ಕಿನಲ್ಲಿ ಎರಡನೇ ಪ್ರತಿ ಇರುವುದಿಲ್ಲ, ಅಷ್ಟೇ.

ಅದೇ ಪುಟದಲ್ಲಿ ಇಷ್ಟು ದಿನದ ಮೈಲ್ ಮಾತ್ರ ಇಳಿಸು ಎಂದು ಹೇಳುವ ಸೌಕರ್ಯವೂ ಇದೆ. ಡಿಸ್ಕ್ ತೀರಾ ಸಣ್ಣದಾಗಿದ್ದರೆ ಒಂದು ವರ್ಷ ಎಂದು ಇಡಿ. ಹಳೆಯ ಮೈಲಿನ ತಲೆಬರಹ ಕಾಣುತ್ತದೆ, ಒತ್ತಿದಾಗ ಒಳಗಿನದು ಬರುತ್ತದೆ. ಆದರೆ ನೆಟ್ ಇಲ್ಲದಾಗ ಹಳೆಯದು ಸಿಗುವುದಿಲ್ಲ. ಬಾವನಿಗೆ ಇದು ಬೇಡ ಎಂದೆ. ಅವರಿಗೆ ನೆಟ್ ಹೋದಾಗಲೇ ಹಳೆಯ ಕಾಗದ ಬೇಕಾಗುವುದು.

ಬರೆಯುವಾಗ ಅಕ್ಷರ ತಡವಾದರೆ

ಬಾವನ ದೂರು ಶುರುವಾದದ್ದೇ ಇಲ್ಲಿಂದ. ಅವರು ಕನ್ನಡದಲ್ಲಿ ಬರೆಯುವವರು, ಹಾಗಾಗಿ ಕನ್ನಡ ಕೀಬೋರ್ಡಿನ ದೋಷ ಇರಬೇಕು ಎಂದು ನಂಬಿದ್ದರು. ನೋಟ್‌ಪ್ಯಾಡ್ ತೆರೆದು ಅದೇ ಸಾಲು ಬರೆಯಿರಿ ಎಂದೆ. ಅಲ್ಲಿ ಸರಾಗವಾಗಿ ಬಂತು. ಅಲ್ಲಿಗೆ ಕೀಬೋರ್ಡ್ ಬಚಾವ್.

ಬರೆಯುತ್ತಿರುವ ಮೈಲನ್ನು ಥಂಡರ್‌ಬರ್ಡ್ ಆಗಾಗ ಡ್ರಾಫ್ಟ್ಸ್‌ನಲ್ಲಿ ಉಳಿಸುತ್ತದೆ. ನೀವು ಬದಲಿಸದಿದ್ದರೆ ಐದು ನಿಮಿಷಕ್ಕೊಮ್ಮೆ. ಐಮ್ಯಾಪ್ ಖಾತೆಯಲ್ಲಿ ಆ ಡ್ರಾಫ್ಟ್ ಸರ್ವರಿಗೆ ಹೋಗಬೇಕು. ದೊಡ್ಡ ಅಟ್ಯಾಚ್‌ಮೆಂಟ್ ಸೇರಿಸಿಟ್ಟು ಬರೆಯುತ್ತಾ ಕೂತರೆ ಅದೂ ಪ್ರತಿ ಸಲ ಹೋಗುತ್ತದೆ. ನೆಟ್ ನಿಧಾನ ಇದ್ದರೆ ಬರೆಯುವ ಕಿಟಕಿಯೇ ಹಿಡಿದು ನಿಲ್ಲುತ್ತದೆ.

ಪರಿಹಾರ ಸುಲಭ. 'ಕಾಪೀಸ್ ಆಂಡ್ ಫೋಲ್ಡರ್ಸ್'ಗೆ ಹೋಗಿ ಡ್ರಾಫ್ಟನ್ನು ಲೋಕಲ್ ಫೋಲ್ಡರ್ಸ್‌ನಲ್ಲಿ ಇಡು ಎಂದು ಬದಲಿಸಿ. ಅಟ್ಯಾಚ್‌ಮೆಂಟನ್ನು ಬರೆದು ಮುಗಿದ ಮೇಲೆ ಸೇರಿಸುವ ಅಭ್ಯಾಸ ಮಾಡಿಕೊಳ್ಳಿ. ಸಹಿಯ ಕೆಳಗೆ ಸಂಘದ ಲಾಂಛನದ ದೊಡ್ಡ ಚಿತ್ರ ಇದ್ದರೆ ಸಣ್ಣದು ಮಾಡಿ.

ಮೆಮೊರಿ ಇನ್ನೂ ಜಾಸ್ತಿ ಇದ್ದರೆ

ಮೇಲೆ ಎಷ್ಟು ಟ್ಯಾಬ್ ತೆರೆದಿದೆ ನೋಡಿ. ಮೈಲನ್ನು ಎರಡು ಸಲ ಒತ್ತಿದರೆ ಹೊಸ ಟ್ಯಾಬ್ ತೆರೆಯುತ್ತದೆ. ಅದು ಮುಚ್ಚುವವರೆಗೆ ಇರುತ್ತದೆ, ನಾಳೆ ಥಂಡರ್‌ಬರ್ಡ್ ತೆರೆದಾಗ ಮತ್ತೆ ಬರುತ್ತದೆ. ಪೆರ್ಲದ ಒಬ್ಬ ಟೀಚರ ಲ್ಯಾಪ್‌ಟಾಪಿನಲ್ಲಿ ನಲವತ್ತಕ್ಕೂ ಹೆಚ್ಚು ಟ್ಯಾಬ್ ಇದ್ದವು. ಅವನ್ನು ಮುಚ್ಚಿದ್ದೇ ಅವರ ಮದ್ದು, ಬೇರೇನೂ ಮಾಡಲಿಲ್ಲ.

ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಪುಟದಲ್ಲಿ ಮೆಮೊರಿಯ ಬಗ್ಗೆ ಒಂದು ಕೊಂಡಿ ಇದೆ. ಅದನ್ನು ಒತ್ತಿದರೆ 'ಮಿನಿಮೈಸ್ ಮೆಮೊರಿ ಯೂಸೇಜ್' ಎಂಬ ಗುಂಡಿ ಸಿಗುತ್ತದೆ. ಒತ್ತಿದಾಗ ಬೇಡದ ಮೆಮೊರಿಯನ್ನು ಬಿಡುತ್ತದೆ. ಇದು ಆ ಹೊತ್ತಿನ ಉಪಶಮನ ಮಾತ್ರ.

ಹುಡುಕುವ ಸೂಚಿಯೂ ಕೆಲವೊಮ್ಮೆ ಕೆಡುತ್ತದೆ. ಟೂಲ್ಸ್ ಮೆನುವಿನ 'ಆಕ್ಟಿವಿಟಿ ಮ್ಯಾನೇಜರ್' ತೆರೆದು ನೋಡಿ. ದಿನವಿಡೀ ಸೂಚಿ ಕಟ್ಟುತ್ತಲೇ ಇದೆ ಎಂದು ಕಂಡರೆ ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲ್ ಫೋಲ್ಡರಿನಲ್ಲಿ 'ಗ್ಲೋಬಲ್ ಮೆಸೇಜಸ್ ಡಿಬಿ' (global-messages-db.sqlite) ಎಂಬ ಹೆಸರಿನ ಫೈಲನ್ನು ಹುಡುಕಿ ಅಳಿಸಿ. ಇದರಲ್ಲಿ ಇರುವುದು ಸೂಚಿ ಮಾತ್ರ, ನಿಮ್ಮ ಮೈಲಿಗೆ ಏನೂ ಆಗದು. ಮತ್ತೆ ತೆರೆದಾಗ ಹೊಸದಾಗಿ ಕಟ್ಟುತ್ತದೆ. ಆ ದಿನ ನಿಧಾನವೇ ಇರುತ್ತದೆ, ರಾತ್ರಿ ಬಿಟ್ಟು ಮಲಗಿ. ಎಲ್ಲ ಫೋಲ್ಡರಿನಲ್ಲಿ ಒಟ್ಟಿಗೆ ಹುಡುಕುವ ಅಗತ್ಯವೇ ಇಲ್ಲದವರು ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ 'ಗ್ಲೋಬಲ್ ಸರ್ಚ್ ಆಂಡ್ ಇಂಡೆಕ್ಸರ್' ಗುರುತನ್ನೇ ತೆಗೆಯಬಹುದು.

ಪುಟ ಸರಿಸುವಾಗ ಪರದೆ ಮಿನುಗುವುದು, ಬಿಳಿಯಾಗಿ ನಿಲ್ಲುವುದು ಇದ್ದರೆ ಅದೇ ಜನರಲ್ ಭಾಗದ 'ಹಾರ್ಡ್‌ವೇರ್ ಆಕ್ಸಲರೇಶನ್' ಗುರುತು ತೆಗೆದು ನೋಡಿ.

ಆಂಟಿವೈರಸ್ ಬಗ್ಗೆ

ಇನ್‌ಬಾಕ್ಸ್ ಒಂದೇ ಫೈಲ್ ಎಂದೆನಲ್ವಾ. ಹೊಸ ಮೈಲ್ ಬಂದಾಗಲೆಲ್ಲ ಆ ಫೈಲ್ ಬದಲಾಗುತ್ತದೆ. ಆಂಟಿವೈರಸ್ ಅದನ್ನು ಪ್ರತಿ ಸಲ ಮೊದಲಿಂದ ಪರೀಕ್ಷಿಸಲು ಹೋದರೆ ಡಿಸ್ಕ್ 100ಕ್ಕೆ ಏರುತ್ತದೆ. ಇನ್ನೂ ದೊಡ್ಡ ಅಪಾಯ ಬೇರೆ. ಒಂದು ಮೈಲಿನಲ್ಲಿ ವೈರಸ್ ಕಂಡರೆ ಕೆಲವು ಆಂಟಿವೈರಸ್‌ಗಳು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಬೇರೆ ಕಡೆ ಹಾಕಿಬಿಡುತ್ತವೆ. ಕುಂಬಳೆಯ ಒಂದು ಮನೆಯಲ್ಲಿ ಹೀಗಾಗಿ ಎಲ್ಲ ಮೈಲ್ ಮಾಯವಾಗಿತ್ತು. ಪುಣ್ಯಕ್ಕೆ ಖಾತೆ ಐಮ್ಯಾಪ್ ಇತ್ತು, ಮತ್ತೆ ಇಳಿಸಿಕೊಂಡೆವು.

ಆಂಟಿವೈರಸ್‌ನ ಸೆಟ್ಟಿಂಗಿನಲ್ಲಿ 'ಎಕ್ಸ್‌ಕ್ಲೂಷನ್ಸ್' ಎಂಬಲ್ಲಿ ಥಂಡರ್‌ಬರ್ಡಿನ ಪ್ರೊಫೈಲ್ ಫೋಲ್ಡರನ್ನು ಮಾತ್ರ ಸೇರಿಸಿ. ಆಂಟಿವೈರಸ್ಸನ್ನೇ ಆಫ್ ಮಾಡಬೇಡಿ. ಅಟ್ಯಾಚ್‌ಮೆಂಟ್ ತೆರೆಯುವಾಗ, ಉಳಿಸುವಾಗ ಅದು ತನ್ನ ಕೆಲಸ ಮಾಡಬೇಕು.

ಇಷ್ಟಾದ ಮೇಲೂ ಆಗದಿದ್ದರೆ

ನಿಮ್ಮ ವಿಂಡೋಸ್ ಯಾವುದು ನೋಡಿ. ವಿಂಡೋಸ್ 7 ಅಥವಾ 8.1 ಆದರೆ ಥಂಡರ್‌ಬರ್ಡ್ 115ರ ಆಚೆಗಿನ ಆವೃತ್ತಿಗಳು ಅದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಗಟ್ಟಿಮುಟ್ಟಾದ ಕಂಪ್ಯೂಟರಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ ಅದರಲ್ಲೇ ಥಂಡರ್‌ಬರ್ಡ್ ಬಳಸಬಹುದು. ಪ್ರೊಫೈಲ್ ಫೋಲ್ಡರನ್ನು ಅಲ್ಲಿಗೆ ತೆಗೆದುಕೊಂಡು ಹೋಗಲೂ ಬರುತ್ತದೆ. ಹೊಸದರಲ್ಲಿನ ಥಂಡರ್‌ಬರ್ಡ್ ಹಳೆಯದಕ್ಕಿಂತ ಹಿಂದಿನ ಆವೃತ್ತಿ ಆಗಿರಬಾರದು, ಅಷ್ಟು ನೋಡಿಕೊಳ್ಳಿ.

ಇನ್ನು ಯಂತ್ರದ ಮಾತು. 4 ಜಿಬಿ ರ‍್ಯಾಮಿನಲ್ಲಿ ಬ್ರೌಸರ್ ಮತ್ತು ಥಂಡರ್‌ಬರ್ಡ್ ಎರಡನ್ನೂ ಒಟ್ಟಿಗೆ ತೆರೆದಿಡುವುದು ಕಷ್ಟ. 8 ಜಿಬಿ ಆದರೆ ನೆಮ್ಮದಿ. ಆದರೆ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವಾದರೆ, ಹಣ ಒಂದಕ್ಕೇ ಇದೆ ಎಂದಾದರೆ, ಮೊದಲು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಹಾಕಿಸಿ ಎನ್ನುತ್ತೇನೆ. ಮೈಲ್ ಅಂದರೆ ದೊಡ್ಡ ಫೈಲುಗಳಲ್ಲಿ ಹುಡುಕುವ ಕೆಲಸ, ಅಲ್ಲಿ ಎಸ್‌ಎಸ್‌ಡಿಯ ವೇಗ ಕೂಡಲೇ ಗೊತ್ತಾಗುತ್ತದೆ.

ಬಾವ ಮಂಗಳೂರಿಗೆ ಹೋದದ್ದು ಹೌದು, ಎರಡು ತಿಂಗಳ ನಂತರ. ಲ್ಯಾಪ್‌ಟಾಪಿಗೆ ಅಲ್ಲ, ಬ್ಯಾಕಪ್ ಇಡಲಿಕ್ಕೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ತರಲಿಕ್ಕೆ. ಈಗ ಪ್ರತಿ ಸಂಕ್ರಮಣದ ದಿನ ಪ್ರೊಫೈಲ್ ಫೋಲ್ಡರನ್ನು ಅದಕ್ಕೆ ನಕಲು ಮಾಡುತ್ತಾರೆ, ಆಮೇಲೆ ಟ್ರ್ಯಾಶ್ ಖಾಲಿ ಮಾಡಿ ಕಾಂಪ್ಯಾಕ್ಟ್ ಒತ್ತುತ್ತಾರೆ.